ಅಕ್ಕನ ಮಂಡಿ ಮತ್ತು ಒಂದೇ ಚೀಲ ರಕ್ತ

ಫೆಬ್ರವರಿ ೯

ಪ್ರೀತಿಯ ಚೂಟಿಗೆ,

ಈ ಕಾಲದಲ್ಲೂ ಮಾವ ಕಾಗದ ಬರೆಯುತ್ತಾನಲ್ಲ ಎಂದು ನಿನ್ನ ಜೊತೆಯ ನರ್ಸುಗಳು ನಗುತ್ತಾರಂತೆ. ನಗಲಿ. ಫೋನಿನಲ್ಲಿ ನನ್ನ ಎಡಗಿವಿಗೆ ಅರ್ಧ ಕೇಳುತ್ತದೆ, ಬಲಗಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಅಲ್ಲದೆ ಬರೆಯಲು ಹೇಳಿದವಳು ನೀನೇ. "ಕಾಗದದ ಮೇಲಾದ್ರೆ ನಿನ್ನ ಬೊಗಳೆ ಹಿಡಿಯೋದು ಸುಲಭ ಮಾವ" ಎಂದಿದ್ದೆ.

ವಿಷಯ ನಿನ್ನಮ್ಮನದು. ಅಕ್ಕ ಈಗ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಾಳೆ, ಹಡಗಿನ ಏಣಿ ಇಳಿಯುವವರ ಹಾಗೆ ಎರಡೂ ಕೈಯಲ್ಲಿ ಕಂಬಿ ಹಿಡಿದು. ಯಾರಾದರೂ ನೋಡಿದರೆ ಏನೋ ಬಿದ್ದುಹೋಯಿತು, ಹುಡುಕುತ್ತಿದ್ದೇನೆ ಎನ್ನುತ್ತಾಳೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಬಲಗಾಲು ಈಗ ತುಳಿ ಎಂದರೆ ತುಳಿಯುವುದಿಲ್ಲ. ಶಾಲೆಯವರು ಕೊಟ್ಟ ಸಮವಸ್ತ್ರದ ಬಟ್ಟೆ ಕತ್ತರಿಸಿಟ್ಟ ಹಾಗೆಯೇ ಇದೆ. ಹೋದ ವಾರ ಅವಳನ್ನು ಇಲ್ಲಿನ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಚಿತ್ರ ನೋಡಿ, ಮಂಡಿ ಪೂರ್ತಿ ಸವೆದಿದೆ, ಬದಲಾಯಿಸುವುದೊಂದೇ ದಾರಿ ಎಂದರು. ಬರೆಯಲು ಪೆನ್ನು ತೆಗೆದರು. ಅಕ್ಕ ತನ್ನ ಹಳೆಯ ರಕ್ತದ ಚೀಟಿ ಮುಂದಿಟ್ಟಳು. ಅದನ್ನು ಓದಿ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

ನೀನು ಹುಟ್ಟುವಾಗ ಅಕ್ಕನಿಗೆ ಏಳು ಚೀಲ ಬೇರೆಯವರ ರಕ್ತ ಹತ್ತಿಸಿದ್ದರಲ್ಲ, ಆಗಿನಿಂದ ಅವಳ ಮೈ ಬೇರೆ ರಕ್ತ ಕಂಡರೆ ಜಗಳಕ್ಕೆ ನಿಲ್ಲುತ್ತದಂತೆ. ಗುಂಪು ಒಂದೇ ಆದರೂ ಹೊಂದುವುದಿಲ್ಲವಂತೆ. ಮಂಡಿ ಕೊಯ್ದರೆ ರಕ್ತ ಹೋಗೇ ಹೋಗುತ್ತದೆ, ಹೋದದ್ದನ್ನು ತುಂಬಲು ರಕ್ತ ಎಲ್ಲಿಂದ ತರಲಿ ಎಂದರು. ಅಕ್ಕ ಚೀಟಿ ಮಡಿಸಿಕೊಂಡು ಎದ್ದು ಬಂದಳು. ದಾರಿಯಲ್ಲಿ ಒಮ್ಮೆ ಮಾತ್ರ, "ಕೂತಲ್ಲೇ ಹೊಲಿಯೋ ಕೈಕೆಲಸ ಯಾವ್ದಾದ್ರೂ ಸಿಗುತ್ತೇನೋ ನೋಡು" ಎಂದಳು.

ನಿನ್ನ ಆಸ್ಪತ್ರೆಯಲ್ಲಿ ಮಂಡಿಗಳದ್ದೇ ಒಂದು ವಿಭಾಗ ಇದೆಯಲ್ಲ. ಅಲ್ಲಿ ಏನಾದರೂ ದಾರಿ ಇದೆಯೇ? ನನಗೆ ಗೊತ್ತಿಲ್ಲದ್ದು ಲೋಕದಲ್ಲಿ ಕಡಿಮೆ, ಆದರೆ ಅದರಲ್ಲಿ ಇದೂ ಒಂದು. ನನ್ನ ಮಟ್ಟಿಗೆ ಹೇಳುವುದಾದರೆ ಅರವತ್ತೊಂದು ವರ್ಷಕ್ಕೂ ಐವತ್ತು ಕಿಲೋ ಕಲ್ಲನ್ನು ಒಂದೇ ಕೈಯಲ್ಲಿ ಎತ್ತುತ್ತೇನೆ, ಒಂದು ಮಾತ್ರೆ ನುಂಗಿದವನಲ್ಲ.

ಇಂತಿ ನಿನ್ನ ಸೋದರಮಾವ,
ತಕ್ಕಡಿಗಳ ಡಾಕ್ಟರು


ಫೆಬ್ರವರಿ ೨೧

ಮಾವನಿಗೆ,

ಐವತ್ತು ಕಿಲೋ ಕಲ್ಲಿನ ಸಂಗತಿ ಹೋದ ವರ್ಷ ನಲವತ್ತಿತ್ತು. ಇರಲಿ.

ದಾರಿ ಇದೆ. ಸಲೀಸಿನದಲ್ಲ. ಮಂಡಿ ಬದಲಾಯಿಸುವಾಗ ಕಣ್ಣಿಗೆ ಕಾಣುವ ರಕ್ತ ಸ್ವಲ್ಪ. ಹೊಲಿಗೆ ಹಾಕಿದ ಮೇಲೆ ಒಳಗೇ ಇಳಿದು ತೊಡೆಯಲ್ಲಿ, ಮಂಡಿಯಲ್ಲಿ ಅಡಗಿಕೊಳ್ಳುವುದೇ ಹೆಚ್ಚು. ಮೊದಲ ದಿನ ರೋಗಿ ನಗುತ್ತಿರುತ್ತಾರೆ, ಮೂರನೇ ದಿನ ಬಿಳಿಚಿಕೊಳ್ಳುತ್ತಾರೆ. ಅದಕ್ಕೆ ನಮ್ಮ ಮಂಡಿ ಡಾಕ್ಟರು ಎರಡು ವರ್ಷದಿಂದ ಹಲವು ಸಣ್ಣ ಸಣ್ಣ ಕೆಲಸ ಸೇರಿಸಿ ಮಾಡುತ್ತಿದ್ದಾರೆ. ಕೊಯ್ಯುವ ಮೊದಲೇ ಕಬ್ಬಿಣದ ಇಂಜೆಕ್ಷನ್ ಕೊಟ್ಟು ರಕ್ತ ಗಟ್ಟಿ ಮಾಡುವುದು, ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ಒಂದು ಔಷಧಿ ನರಕ್ಕೆ ಹಾಕುವುದು, ಸೀಳಿದ ಪ್ರತಿ ಸಣ್ಣ ನಾಳವನ್ನೂ ಕೂತು ಸುಟ್ಟು ಮುಚ್ಚುವುದು, ಆಮೇಲೆ ಆರು ಗಂಟೆ ಮಂಡಿಯನ್ನು ಮಡಿಸಿಟ್ಟು ಮಂಜುಗಡ್ಡೆಯ ಚೀಲ ಇಡುವುದು. ಒಂದೊಂದೂ ಚಿಕ್ಕದು. ಒಟ್ಟು ಸೇರಿದರೆ ಮೊದಲು ಹೋಗುತ್ತಿದ್ದ ರಕ್ತದ ಅರ್ಧ ಉಳಿಯುತ್ತದೆ.

ಅರ್ಧ ಎಂದು ಹೇಳಬೇಕಾದರೆ ಅಳೆಯಬೇಕಲ್ಲ. ಆ ಕೆಲಸ ನನ್ನದು. ರಕ್ತ ಒರೆಸುವ ಬಟ್ಟೆಯನ್ನು ಒಣಗಿದ್ದಾಗ ತೂಗುತ್ತೇನೆ, ನೆನೆದ ಮೇಲೆ ತೂಗುತ್ತೇನೆ, ಕಳೆಯುತ್ತೇನೆ. ಇಲ್ಲಿಯವರೆಗೆ ಮುನ್ನೂರ ಹನ್ನೆರಡು ಮಂಡಿ. ಎಲ್ಲ ಒಂದು ದಪ್ಪ ಪುಸ್ತಕದಲ್ಲಿದೆ. ಅಮ್ಮನ ವಿಷಯ ಡಾಕ್ಟರಿಗೆ ಹೇಳಿದೆ. ಹೊಂದುವ ರಕ್ತ ಒಂದು ಚೀಲವಾದರೂ ಸಿಕ್ಕಿದರೆ, ನಿನ್ನ ಪುಸ್ತಕ ನಂಬಿ ಕೈ ಹಾಕುತ್ತೇನೆ ಎಂದರು. ರಕ್ತನಿಧಿಯವರು ಹುಡುಕುತ್ತಿದ್ದಾರೆ.

ಈ ನಡುವೆ ನನ್ನ ತಕ್ಕಡಿ ಕೈಕೊಡುತ್ತಿದೆ. ಅದೇ ಬಟ್ಟೆ ಒಮ್ಮೆ ಇಪ್ಪತ್ತೊಂದು ಗ್ರಾಂ, ಇನ್ನೊಮ್ಮೆ ಇಪ್ಪತ್ತೈದು. ಕಂಪನಿಯವನು ಬಂದು ನೋಡಿ ಸರಿಯಾಗಿದೆ ಎಂದು ಹೋದ. ಪುಸ್ತಕವೇ ಸುಳ್ಳಾದರೆ ಅಮ್ಮನಿಗೆ ಕೈ ಹಾಕುವವರು ಯಾರು?

ನಿನ್ನ
ಚೂಟಿ


ಮಾರ್ಚ್ ೩

ಚೂಟಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಪಕ್ಕದ ಬೀಗದ ಅಂಗಡಿಯವನಿಗೆ ಓದಿ ಹೇಳಿದೆ. "ನನ್ನ ಅಕ್ಕನ ಮಗಳು ರಕ್ತ ತೂಗ್ತಾಳೆ ಕಣಯ್ಯ" ಎಂದರೆ ಅವನು ಹೆದರಿ ನೀರು ಕುಡಿದ.

ನಾನು ಏಳನೇ ಕ್ಲಾಸಿನವರೆಗೆ ಓದಿದವನು, ಅದೂ ಒಂದೇ ಕೋಣೆಯ ಶಾಲೆಯಲ್ಲಿ. ಆದರೆ ಮೂವತ್ತೆಂಟು ವರ್ಷದಿಂದ ತಕ್ಕಡಿಗಳ ಹೊಟ್ಟೆ ಬಿಚ್ಚಿದ್ದೇನೆ. ಇಷ್ಟು ದಿನ ನಾನು ತೂಗಿಸಿಕೊಟ್ಟದ್ದು ಮೊಳೆ, ಸಕ್ಕರೆ, ಸಿಮೆಂಟು. ಮನುಷ್ಯರ ಮೈಯಿಂದ ಹೋದದ್ದನ್ನು ಬಟ್ಟೆಯಿಂದ ಹಿಂಡಿ ಲೆಕ್ಕ ಹಿಡಿಯಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಮುನ್ನೂರ ಹನ್ನೆರಡು ಜನರಲ್ಲಿ ಒಬ್ಬರಿಗಾದರೂ ಗೊತ್ತೇ, ಗೋಡೆಯ ಆ ಕಡೆ ಒಬ್ಬಳು ನಿಂತು ತಮ್ಮ ರಕ್ತವನ್ನು ಗ್ರಾಂ ಗ್ರಾಂ ಕಾಯುತ್ತಿದ್ದಳು ಎಂದು? ನೀನಾಗಿ ಹೇಳುವವಳಲ್ಲ. ನನ್ನಂಥವನಾಗಿದ್ದರೆ ಬೋರ್ಡು ಬರೆಸುತ್ತಿದ್ದೆ.

ಈಗ ಕೇಳು. ತಕ್ಕಡಿ ಸರಿಯಾಗಿದೆ ಎಂದು ಕಂಪನಿಯವನು ಹೇಳಿದ್ದು ನಿಜ. ಅವನು ನೋಡಿದ್ದು ತಕ್ಕಡಿಯನ್ನು, ಕೋಣೆಯನ್ನಲ್ಲ. ತಲೆ ಎತ್ತಿ ನೋಡು. ಮೇಲೆ ಫ್ಯಾನಾಗಲಿ ತಣ್ಣನೆ ಗಾಳಿ ಬಿಡುವ ಪೆಟ್ಟಿಗೆಯಾಗಲಿ ಇದೆಯೇ? ಗಾಳಿ ತಟ್ಟೆಯ ಮೇಲೆ ಕೂರುತ್ತದೆ. ನಾಲ್ಕು ಗ್ರಾಂ ಗಾಳಿಯದು. ಮೂರು ಕಡೆ ಗಾಜು ನಿಲ್ಲಿಸು, ಮೇಜಿನ ನಾಲ್ಕನೇ ಕಾಲಿನ ಕೆಳಗೆ ರಟ್ಟು ಇಟ್ಟಿದ್ದರೆ ತೆಗೆದು ಸರಿಯಾದ ಮರದ ತುಂಡು ಇಡು, ಬಟ್ಟೆ ಇಟ್ಟ ಮೇಲೆ ಹತ್ತು ಎಣಿಸಿ ಆಮೇಲೆ ಬರೆದುಕೋ. ಇದಕ್ಕೆ ಬಿಲ್ಲು ಕಳಿಸುವುದಿಲ್ಲ, ಮನೆಯ ಹುಡುಗಿ ಎಂದು.

ಅಕ್ಕ ಈಗೀಗ ಗೆಲುವಾಗಿದ್ದಾಳೆ. ಮೊನ್ನೆ ಯಂತ್ರದ ಮುಂದೆ ಕೂತು ಅರ್ಧ ತೋಳು ಹೊಲಿದಳು. ಅದಕ್ಕೆ ಕಾರಣ ಏನೆಂದು ಅವಳಿಗೂ ನನಗೂ ಮಾತ್ರ ಗೊತ್ತು. ಮಾವ ಕೈ ಇಟ್ಟರೆ ತಕ್ಕಡಿಯಷ್ಟೇ ಅಲ್ಲ, ಮನುಷ್ಯರೂ ಸರಿಹೋಗುತ್ತಾರೆ ಎಂದಷ್ಟೇ ತಿಳಿದುಕೋ.

ಇಂತಿ,
ಗಾಳಿಯನ್ನೂ ತೂಗಿದವನು


ಏಪ್ರಿಲ್ ೧೮

ಮಾವ,

ಗಾಳಿಯೇ. ತಣ್ಣನೆ ಗಾಳಿಯ ಪೆಟ್ಟಿಗೆ ನೇರ ತಲೆಯ ಮೇಲಿತ್ತು. ದಿನಾ ಅದರ ಕೆಳಗೇ ನಿಂತಿದ್ದರೂ ತಲೆ ಎತ್ತಿರಲಿಲ್ಲ. ಅದನ್ನು ಹಾಕಿದ್ದು ಜನವರಿಯಲ್ಲಂತೆ, ಹಾಗಾಗಿ ಅದಕ್ಕೆ ಮುಂಚಿನ ಪುಟಗಳು ಸರಿ. ಆಮೇಲಿನ ಹದಿನೇಳು ಮಂಡಿಗಳ ಅಂಕಿಯ ಮೇಲೆ ಕೆಂಪು ಗೆರೆ ಎಳೆದು "ನಂಬಬಾರದು" ಎಂದು ಬರೆದೆ. ಇನ್ನು ಅಮ್ಮನ ಮಂಡಿಗೆ ಕೈ ಹಾಕುವುದೇ ಬೇಡ ಎಂದು ಡಾಕ್ಟರು ಹೇಳಬಹುದು ಎಂದುಕೊಂಡಿದ್ದೆ. ಅವರು ಕೂತು ಓದಿ, "ಈ ಗೆರೆ ಇರೋದ್ರಿಂದ್ಲೇ ಉಳಿದದ್ದನ್ನ ನಂಬ್ತೀನಿ" ಎಂದರು. ನಿನ್ನ ಮಾವ ಯಾವ ಕಾಲೇಜು ಎಂದೂ ಕೇಳಿದರು. ಏನು ಹೇಳಿದೆ ಎಂದು ಬರೆಯುವುದಿಲ್ಲ, ನಿನಗೆ ಕೊಂಬು ಬರುತ್ತದೆ.

ಇದರ ಜೊತೆ ಎರಡು ಹಾಳೆ ಇದೆ. ಅಮ್ಮನನ್ನು ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳಿ ತುಂಬಿಸು. ಎರಡನೇ ಹಾಳೆಯ ಆರನೇ ಪ್ರಶ್ನೆಗೆ ಸರಿಯಾಗಿ ಉತ್ತರ ಬೇಕು: ರಕ್ತ ತೆಳುವಾಗಿಸುವ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಾರೆಯೇ? ಅದು ಮೈಯಲ್ಲಿದ್ದರೆ ನಾವು ಮಾಡುವ ಎಲ್ಲ ಕಸರತ್ತೂ ನೀರಿನಲ್ಲಿ ಹೋಮ. ಬೇರೆಯವರಿಗಾದರೆ ಇನ್ನೊಂದು ಚೀಲ ಹತ್ತಿಸಿ ಉಳಿಸಿಕೊಳ್ಳುತ್ತೇವೆ. ಅಮ್ಮನಿಗೆ ಇನ್ನೊಂದು ಚೀಲ ಇರುವುದಿಲ್ಲ.

ಚೂಟಿ


ಮೇ ೨೮

ಪ್ರೀತಿಯ ಚೂಟಿಗೆ,

ಹಾಳೆಗಳು ಇದರ ಜೊತೆಗಿವೆ. ತಡವಾಯಿತು. ಅಂಗಡಿಯಲ್ಲಿ ಕೆಲಸ ಹೆಚ್ಚು.

ಹೊಂದುವ ರಕ್ತ ಒಂದು ಚೀಲ ಸಿಕ್ಕಿತೆಂದು ನೀನು ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದೆ. ಮೇ ಹದಿನಾಲ್ಕಕ್ಕೆ ಯಾರೋ ಕೊಟ್ಟ ರಕ್ತ, ಜೂನ್ ಇಪ್ಪತ್ತೈದರವರೆಗೆ ಬಾಳುತ್ತದೆ, ಶಸ್ತ್ರಚಿಕಿತ್ಸೆ ಜೂನ್ ಹನ್ನೆರಡಕ್ಕೆ. ಕೊಟ್ಟವರು ಗಂಡಸೋ ಹೆಂಗಸೋ ಎಂದು ಅಕ್ಕ ಕೇಳಿದಳು. ಗೊತ್ತಿಲ್ಲ ಎಂದೆ. ಯಾರಾದರೂ ಸರಿ, ಅವರಿಗೆ ಒಂದು ಅಂಗಿ ಹೊಲಿದುಕೊಡಬೇಕಿತ್ತು, ಅಳತೆ ಸಿಗುವುದಿಲ್ಲವಲ್ಲ ಎಂದಳು.

ಪ್ರಶ್ನೆಗಳಿಗೆ ಅವಳೇ ಉತ್ತರ ಹೇಳಿದಳು, ನಾನು ಬರೆದೆ. ಆರನೆಯದಕ್ಕೆ ಇಲ್ಲ ಎಂದಳು. ಇಲ್ಲ ಎಂದು ಬರೆದಿದ್ದೇನೆ.

ಹನ್ನೊಂದಕ್ಕೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇವೆ.

ಮಾವ


ಜೂನ್ ೧೦

ಚೂಟಿ,

ಈ ಕಾಗದಕ್ಕೆ ಅಂಚೆ ಚೀಟಿ ಇಲ್ಲ. ಕೈಯಾರೆ ತಂದಿದ್ದೇನೆ. ಅಕ್ಕನನ್ನು ನಾಳೆಯ ಬಸ್ಸಿಗೆ ಹತ್ತಿಸಲು ಬೀಗದ ಅಂಗಡಿಯವನಿಗೆ ಹೇಳಿ, ನಾನು ಒಂದು ದಿನ ಮುಂಚೆ ಬಂದೆ. ಬಾಯಲ್ಲಿ ಹೇಳಬೇಕೆಂದು ಬಸ್ಸಿನ ಉದ್ದಕ್ಕೂ ಮಾತು ಜೋಡಿಸಿದೆ. ಪ್ರತಿ ಸಲವೂ ಅದರೊಳಗೊಂದು ಬೊಗಳೆ ಸೇರಿಕೊಂಡಿತು. ಅದಕ್ಕೇ ನಿಮ್ಮ ಆಸ್ಪತ್ರೆಯ ಟೀ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ಓದುವಾಗ ಎದುರಿಗೆ ಕೂತಿರುತ್ತೇನೆ, ಗೋಡೆ ನೋಡುತ್ತಿರುತ್ತೇನೆ. ಓದಿ ಮುಗಿಯುವವರೆಗೆ ನನ್ನ ಮುಖ ನೋಡಬೇಡ.

ಹೋದ ವರ್ಷ ದೂರದ ಗಿರಣಿಯಲ್ಲಿ ದೊಡ್ಡ ತಕ್ಕಡಿ ಕೂರಿಸಲು ಹೋಗಿದ್ದೇನೆಂದು ಐದು ದಿನ ಕಾಣೆಯಾಗಿದ್ದೆನಲ್ಲ. ಅಂಥ ಗಿರಣಿ ಇಲ್ಲ. ಎದೆ ಹಿಡಿದುಕೊಂಡಿತ್ತು. ಹೃದಯದ ಡಾಕ್ಟರು ಮುಚ್ಚಿಕೊಂಡಿದ್ದ ನಾಳದೊಳಗೆ ಒಂದು ಸ್ಪ್ರಿಂಗು ಕೂರಿಸಿದರು. ದಿನಕ್ಕೊಂದು ಮಾತ್ರೆ ಬರೆದರು, ರಕ್ತ ತೆಳುವಾಗಿರಲು, ಸ್ಪ್ರಿಂಗು ಕಟ್ಟಿಕೊಳ್ಳದಿರಲು. ಇದನ್ನು ಯಾರಿಗೂ ಹೇಳಲಿಲ್ಲ. ಐವತ್ತು ಕಿಲೋ ಎತ್ತುವವನೆಂದು ಊರಿಗೆಲ್ಲ ಸಾರಿಕೊಂಡು ಬಂದವನು ಹೇಗೆ ಹೇಳಲಿ?

ಜನವರಿಯಲ್ಲಿ ಒಂದು ಬೆಳಿಗ್ಗೆ ಅಕ್ಕನ ಮನೆಯಲ್ಲಿ ತಿಂಡಿಗೆ ಕೂತಾಗ ನಾನು ಅದನ್ನು ನುಂಗುವುದನ್ನು ಅವಳು ನೋಡಿಬಿಟ್ಟಳು. ಏನದು ಎಂದಳು. "ಬಲದ ಮಾತ್ರೆ. ಇದ್ರಿಂದ್ಲೇ ನಾನು ಹಿಂಗಿರೋದು" ಎಂದೆ. ಬಾಯಿಗೆ ಬಂದದ್ದು ಅದು. ಅವಳು ಕೈ ಚಾಚಿ, "ನಂಗೂ ಒಂದು ಕೊಡು, ಕಾಲಿಗೆ ಬಲ ಬರ್ಲಿ" ಎಂದಳು.

ಕೊಟ್ಟೆ. ಆ ದಿನ ಕೊಡದಿದ್ದರೆ ಸುಳ್ಳು ಬಯಲಾಗುತ್ತಿತ್ತು. ಮಾರನೆಯ ದಿನವೂ ಕೊಟ್ಟೆ. ಆಮೇಲೆ ಅವಳ ಮುಖ ಅರಳುವುದನ್ನು ಕಂಡು ನಿಲ್ಲಿಸಲು ಮನಸ್ಸು ಬರಲಿಲ್ಲ. ನಿಜವಾಗಿ ನೋವು ಕಡಿಮೆಯಾಗಿದೆ ಎನ್ನುತ್ತಿದ್ದಳು. ದಿನ ಬಿಟ್ಟು ದಿನ ಬೆಳಿಗ್ಗೆ ನನ್ನ ಪಟ್ಟಿಯಿಂದಲೇ ಅವಳಿಗೊಂದು ಮಾತ್ರೆ. ಇವತ್ತು ಬೆಳಿಗ್ಗೆಯೂ.

ಆರನೇ ಪ್ರಶ್ನೆಗೆ ಅವಳು ಇಲ್ಲ ಎಂದದ್ದು ಅವಳ ಮಟ್ಟಿಗೆ ಸತ್ಯ. ಬರೆದ ಕೈ ನನ್ನದು. ಆ ಹಾಳೆ ಅಂಚೆಗೆ ಹಾಕಿದ ಮೇಲೆ ಹದಿಮೂರು ದಿನ ಅಂಗಡಿಯ ಬಾಗಿಲು ತೆಗೆದು ಸುಮ್ಮನೆ ಕೂತಿದ್ದೆ. ಒಂದು ಮಾತ್ರೆ ಏನು ಮಾಡೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ನೀನು ಕೆಂಪು ಗೆರೆ ಎಳೆದ ಹದಿನೇಳು ಮಂಡಿಗಳು ನೆನಪಾದವು. ನಾಲ್ಕು ಗ್ರಾಮಿಗೆ ನೀನು ಅಷ್ಟು ಮಾಡಿದೆ.

ಬೈಯುವುದಿದ್ದರೆ ಬೈ. ಅಕ್ಕನನ್ನು ನಾಡಿದ್ದು ಮಲಗಿಸಬೇಡ.

ನಿನ್ನ
ಮಾವ


ಜೂನ್ ೧೧

ಮಾವ,

ನಿನ್ನೆ ನಾನು ಎದ್ದು ಹೊರಗೆ ಹೋದದ್ದು ಡಾಕ್ಟರನ್ನು ಹಿಡಿಯಲು. ಸಿಟ್ಟಿಗಲ್ಲ. ಸಿಟ್ಟು ಆಮೇಲೆ ಬಂತು, ಇನ್ನೂ ಇದೆ. ಅದನ್ನು ಮಾತಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೆ ನೀನು ಇಳಿದುಕೊಂಡ ಕೋಣೆಯ ಬಾಗಿಲ ಕೆಳಗೆ ಈ ಚೀಟಿ ತೂರಿಸಿದ್ದೇನೆ.

ಅಮ್ಮನಿಗೆ ಆ ಮಾತ್ರೆ ಇವತ್ತಿನಿಂದ ಇಲ್ಲ. ಅದರ ಗುಣ ಮೈಯಿಂದ ಪೂರ್ತಿ ಇಳಿಯಲು ಹತ್ತು ದಿನ. ಹೊಸ ದಿನ ಜೂನ್ ಇಪ್ಪತ್ತೆರಡು. ಚೀಲದ ಕೊನೆಯ ದಿನ ಇಪ್ಪತ್ತೈದು, ನಮಗೆ ಭಯವಿರುವುದು ಮೂರನೇ ದಿನದ್ದು, ಅದೂ ಇಪ್ಪತ್ತೈದೇ. ಸರಿಯಾಗಿ ಅಂಚಿನಲ್ಲಿದ್ದೇವೆ. ನಾವು ಮಾಡುವ ಮಾಮೂಲಿ ಪರೀಕ್ಷೆಗಳಲ್ಲಿ ಇದು ಸಿಗುತ್ತಿರಲಿಲ್ಲ ಎಂದರು ಡಾಕ್ಟರು. ಅದನ್ನು ನಿನಗೆ ಹೇಳಬೇಕೆನಿಸಿತು.

ಇನ್ನೊಂದು. ತಿಂಗಳಿಗೆ ಮೂವತ್ತು ಮಾತ್ರೆ ಬರೆದಿದ್ದರೆ, ಅದರಲ್ಲಿ ಅಮ್ಮನಿಗೆ ಹದಿನೈದು ಕೊಟ್ಟರೆ, ನೀನು ಏನು ತಿನ್ನುತ್ತಿದ್ದೆ? ದಿನ ಬಿಟ್ಟು ದಿನವೇ? ಎದೆಯಲ್ಲಿ ಸ್ಪ್ರಿಂಗು ಇಟ್ಟುಕೊಂಡು? ಕೆಳಗಿನ ಔಷಧಿ ಅಂಗಡಿಯಲ್ಲಿ ನಿನ್ನ ಹೆಸರಿಗೆ ಪಟ್ಟಿ ತೆಗೆದಿಟ್ಟಿದ್ದೇನೆ. ಇವತ್ತಿನಿಂದ ಒಂದು ದಿನವೂ ತಪ್ಪಕೂಡದು.

ದಿನ ಮುಂದೆ ಹೋದದ್ದಕ್ಕೆ ಅಮ್ಮನಿಗೆ ನಾನು ಕಾರಣ ಹೇಳಿಲ್ಲ. ಅದನ್ನು ನೀನೇ ಹೇಳಬೇಕು. ಈಗಲ್ಲ, ಅವಳು ನಡೆದ ಮೇಲೆ.

ಚೂಟಿ


ಜೂನ್ ೨೭

ಚೂಟಿ,

ನೀನು ಹೇಳಿದ ಹಾಗೆ ನಿನ್ನೆ ಊರಿಗೆ ಬಂದೆ. ಅಲ್ಲಿದ್ದು ನಿನ್ನ ಕಾಲಿಗೆ ಅಡ್ಡ ಸಿಗುವುದಕ್ಕಿಂತ ಇದೇ ವಾಸಿ. ನೀನು ನೋಡದೇ ಇದ್ದ ಒಂದನ್ನು ಬರೆಯುತ್ತೇನೆ. ನೀನು ನೋಡಿರಲು ಸಾಧ್ಯವಿಲ್ಲ, ಏಕೆಂದರೆ ಅದು ನೀನೇ.

ಇಪ್ಪತ್ತೆರಡರಂದು, ಅಮ್ಮನ ಕೆಲಸಕ್ಕೆ ಬೇರೆ ನರ್ಸನ್ನು ನಿಲ್ಲಿಸುತ್ತೇನೆ ಎಂದು ಡಾಕ್ಟರು ಹೇಳಿದಾಗ, ನೀನು "ಕತ್ತರಿ ಕೊಡೋಕೆ ಯಾರಾದ್ರೂ ನಿಲ್ಲಲಿ ಸಾರ್, ತೂಗೋದು ನಾನೇ" ಎಂದೆ. ತೂಗುವ ಕೋಣೆಯ ಬಾಗಿಲಿಗೆ ಒಂದು ದುಂಡು ಗಾಜಿದೆಯಲ್ಲ, ಅಲ್ಲಿಗೆ ನನ್ನ ಹಣೆ ಒತ್ತಿಕೊಂಡಿತ್ತು. ಕಾವಲಿನವನು ಎರಡು ಸಲ ಹೊರಡು ಎಂದ. ನಾನು ತಕ್ಕಡಿ ರಿಪೇರಿಯವನು, ಡಾಕ್ಟರೇ ನಿಲ್ಲಲು ಹೇಳಿದ್ದಾರೆ ಎಂದೆ. ಅರ್ಧ ನಿಜ ತಾನೇ.

ನಿನ್ನ ಬೆನ್ನು ಕಾಣುತ್ತಿತ್ತು. ಬಟ್ಟೆ ಬರುತ್ತಿತ್ತು. ನೀನು ತಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡು ಕಾಯುತ್ತಿದ್ದೆ. ನಿನ್ನ ತಲೆ ಸಣ್ಣಗೆ ಅಲುಗುತ್ತಿತ್ತು, ಹತ್ತು ಎಣಿಸುತ್ತಿದ್ದೆ ಎಂದು ನನಗೆ ಗೊತ್ತಾಯಿತು. ಆಮೇಲೆ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲೇ ತೆರೆದ ಬಾಗಿಲು, ಅದರಾಚೆ ನಿನ್ನ ತಾಯಿ ಮಲಗಿದ್ದಾಳೆ, ಒಂದು ಸಲವೂ ನೀನು ಆ ಕಡೆ ತಿರುಗಲಿಲ್ಲ. ಐದನೆಯದೋ ಆರನೆಯದೋ ಬಟ್ಟೆ ತರುವಾಗ ನೆಲಕ್ಕೆ ಒಂದು ಹನಿ ಬಿತ್ತು. ಅಲ್ಲಿದ್ದವರು ಅದನ್ನು ತುಳಿದು ಹೋಗುತ್ತಿದ್ದರು. ನೀನು ಮಂಡಿಯೂರಿ ಕೂತು, ಮೊದಲೇ ತೂಗಿಟ್ಟಿದ್ದ ಬಟ್ಟೆಯೊಂದರಿಂದ ಒತ್ತಿ ತೆಗೆದು ಅದನ್ನೂ ತೂಗಿದೆ.

ಒಂದು ಹನಿ, ಚೂಟಿ. ಮೂವತ್ತೆಂಟು ವರ್ಷದಲ್ಲಿ ನಾನು ಬಹಳ ತೂಕ ನೋಡಿದ್ದೇನೆ. ಅಂಥ ತೂಕ ನೋಡಿಲ್ಲ. ನನಗೆ ಜಂಬ ಕೊಚ್ಚಿಕೊಳ್ಳುವುದು ಚೆನ್ನಾಗಿ ಬರುತ್ತದೆ, ಆದರೆ ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತಿದ್ದ ಕಾವಲಿನವನಿಗೆ ಅವಳು ನನ್ನ ಅಕ್ಕನ ಮಗಳು ಎಂದು ಹೇಳಿಕೊಳ್ಳುವುದನ್ನೂ ಮರೆತೆ.

ಡಾಕ್ಟರನ್ನೂ ಹೊಗಳಬೇಕು. ಮೂಳೆ ಕೂರಿಸಿದ ಮೇಲೆ ಕೆಲಸ ಮುಗಿಯಿತೆಂದು ಎಲ್ಲರೂ ಉಸಿರು ಬಿಟ್ಟರಂತೆ. ಅವರು ಮಾತ್ರ ಇನ್ನೂ ಇಪ್ಪತ್ತೈದು ನಿಮಿಷ ಕೂತು, ಎಲ್ಲೆಲ್ಲಿ ಜಿನುಗುತ್ತದೆ ಎಂದು ಹುಡುಕಿ ಹುಡುಕಿ ಮುಚ್ಚಿದರು ಎಂದು ನೀನೇ ಹೇಳಿದೆ. ಹೊರಗೆ ಬಂದು ನನ್ನ ಮುಂದೆ ನಿಂತು, "ನೂರಾ ತೊಂಬತ್ತು ಗ್ರಾಂ" ಎಂದರು. ಬೈಯಲಿಲ್ಲ. ಅದು ಕಡಿಮೆಯೇ ಎಂದು ನೀನು ಆಮೇಲೆ ಹೇಳಿದೆ. ತಕ್ಕಡಿಯವನಿಗೆ ತೂಕವನ್ನೇ ಹೇಳಬೇಕೆಂದು ಅವರಿಗೆ ಗೊತ್ತಿತ್ತು.

ಆಮೇಲಿನ ಮೂರು ದಿನ ನಿನಗೂ ಗೊತ್ತು. ಮಡಿಸಿಟ್ಟ ಮಂಡಿ, ಅದರ ಮೇಲೆ ಮಂಜುಗಡ್ಡೆ, ಗಂಟೆಗೊಮ್ಮೆ ತೊಡೆಯ ಸುತ್ತಳತೆ ತೆಗೆಯುವ ನಿನ್ನ ಟೇಪು. ಅಕ್ಕ ತನ್ನ ಟೇಪೇ ವಾಸಿ ಎಂದು ತಕರಾರು ತೆಗೆದಳು. ಎರಡನೇ ದಿನ ನಡೆಸಲು ಬಂದ ಹುಡುಗಿಗೆ, "ಕಾಲು ನಂದೇ ತಾನೇ, ಬೇರೆಯವ್ರದ್ದು ಹಾಕಿಲ್ಲ ತಾನೇ" ಎಂದು ಕೇಳಿ ನಗಿಸಿದಳು. ಶಸ್ತ್ರಚಿಕಿತ್ಸೆಗೆ ಮುಂಚೆ ಹನ್ನೆರಡೂವರೆ ಇದ್ದ ರಕ್ತದ ಅಂಕಿ ಮೊದಲ ದಿನ ಹನ್ನೊಂದು, ಎರಡನೇ ದಿನ ಹತ್ತು. ಎಂಟಕ್ಕಿಂತ ಕೆಳಗಿಳಿದರೆ ಚೀಲ ಹತ್ತಿಸಬೇಕು, ಅದೂ ಸಾಲದಿದ್ದರೆ ದೇವರೇ ಗತಿ ಎಂದು ನೀನು ಹೇಳಿದ್ದೆ. ಇಪ್ಪತ್ತೈದರ ಬೆಳಿಗ್ಗೆ ನೀನು ಚೀಟಿ ಹಿಡಿದು ಬರುವಾಗ ನಾನು ಬೆಂಚಿನ ಅಂಚು ಹಿಡಿದಿದ್ದೆ. "ಒಂಬತ್ತು ಮುಕ್ಕಾಲು ಮಾವ. ನಿಂತಿದೆ" ಎಂದೆ. ಆಮೇಲೆ ನನ್ನ ಹೆಗಲ ಮೇಲೆ ತಲೆ ಇಟ್ಟೆ. ಹದಿನೈದು ದಿನದಲ್ಲಿ ನೀನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಆ ಚೀಲ ಅದೇ ಮಧ್ಯಾಹ್ನ ಕೆಳಗಿನ ವಾರ್ಡಿನ ಯಾರಿಗೋ ಹೊಂದಿತಂತೆ. ಅಕ್ಕನಿಗೆ ಹೇಳು, ಸಂತೋಷಪಡುತ್ತಾಳೆ.

ಮಾತ್ರೆ ತಪ್ಪಿಸಿಲ್ಲ.

ಮಾವ


ಜುಲೈ ೧೯

ಮಾವ,

ಅಮ್ಮ ನನ್ನ ಮನೆಯ ಹದಿನಾಲ್ಕು ಮೆಟ್ಟಿಲನ್ನು ಮುಂದೆ ಮುಖ ಮಾಡಿ ಇಳಿದಳು. ಕೆಳಗೆ ನಿಂತು ನನ್ನನ್ನು ನೋಡಿ, ನೀನೂ ಇಳಿ, ಹೆದರಬೇಡ ಎಂದಳು.

ನಿನಗೆ ಒಂದು ಸುದ್ದಿ. ಇಷ್ಟು ದಿನ ಆರನೇ ಪ್ರಶ್ನೆಗೆ ಇಲ್ಲ ಎಂದವರನ್ನು ನಂಬಿಬಿಡುತ್ತಿದ್ದೆವು. ಈಗ ಅದರ ಕೆಳಗೆ ಇನ್ನೊಂದು ಸೇರಿಸಿದ್ದೇವೆ: ಮನೆಯಲ್ಲಿ ಯಾರಾದರೂ ತಮ್ಮ ಮಾತ್ರೆಯನ್ನು, ಯಾವ ಹೆಸರು ಹೇಳಿಯಾದರೂ, ನಿಮಗೆ ಕೊಡುತ್ತಿದ್ದಾರೆಯೇ? ಕೇಳಿದ ಮೊದಲ ಇಪ್ಪತ್ತು ಜನರಲ್ಲಿ ಮೂವರು ಹೌದು ಎಂದರು. ಒಬ್ಬರಿಗೆ ಹೆಂಡತಿ, ಒಬ್ಬರಿಗೆ ನೆರೆಯವರು, ಒಬ್ಬರಿಗೆ ಅಣ್ಣ. ಎಲ್ಲ ಪ್ರೀತಿಯಿಂದಲೇ. ನಮ್ಮ ನರ್ಸುಗಳು ಇದನ್ನು ಮಾವನ ಪ್ರಶ್ನೆ ಎನ್ನುತ್ತಾರೆ. ಜಂಬಪಡಬೇಡ. ಪಡು, ಸ್ವಲ್ಪ ಪಡು. ನೀನು ಬರದೇ ಇರಬಹುದಿತ್ತು. ಆ ಟೀ ಅಂಗಡಿಯಲ್ಲಿ ಕೂತು ಅದನ್ನು ಬರೆಯುವ ಧೈರ್ಯ ನನಗಿರುತ್ತಿತ್ತೋ ಇಲ್ಲವೋ ಎಂದು ಒಂದೊಂದು ಸಲ ಯೋಚಿಸುತ್ತೇನೆ.

ಅಮ್ಮ ಆಗಸ್ಟ್ ಎರಡಕ್ಕೆ ಊರಿಗೆ ಬರುತ್ತಾಳೆ. ಅವಳು ನಡೆದಾಯಿತು, ಮಾವ.

ಚೂಟಿ


ಆಗಸ್ಟ್ ೩೦

ಪ್ರೀತಿಯ ಚೂಟಿಗೆ,

ಹೇಳಿದೆ. ಅಕ್ಕ ಬಂದ ಮಾರನೆಯ ದಿನವೇ ಹೇಳಬೇಕೆಂದಿದ್ದೆ, ಇಪ್ಪತ್ತು ದಿನ ಹಿಡಿಯಿತು. ಅವಳು ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುತ್ತಿದ್ದಳು. ಮಾತ್ರೆಯ ಪಟ್ಟಿಯನ್ನು ಬಟ್ಟೆಯ ಮೇಲಿಟ್ಟು, ಇದು ಬಲದ್ದಲ್ಲ, ಇದು ನನ್ನ ಎದೆಯದ್ದು ಎಂದೆ. ಗಿರಣಿಯ ಸುಳ್ಳಿನಿಂದ ಹಿಡಿದು ಶಸ್ತ್ರಚಿಕಿತ್ಸೆಯ ದಿನ ಏಕೆ ಮುಂದೆ ಹೋಯಿತು ಎನ್ನುವವರೆಗೆ ಎಲ್ಲವನ್ನೂ ಹೇಳಿದೆ. ನನ್ನಿಂದ ಅವಳು ಸಾಯಬಹುದಿತ್ತು ಎನ್ನುವುದನ್ನೂ ಬಿಡದೆ ಹೇಳಿದೆ.

ಅವಳು ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು, "ನಂಗೆ ಕೊಟ್ಟು ನೀನೆಷ್ಟು ದಿನ ಇಲ್ದೆ ಇದ್ದೆ?"

ಐದು ತಿಂಗಳು, ದಿನ ಬಿಟ್ಟು ದಿನ ಎಂದೆ.

"ಹೋಗು" ಎಂದಳು.

ಐದು ದಿನ ಮಾತಿಲ್ಲ. ನಾನು ಅವಳ ಮನೆಯ ಮುಂದಿನಿಂದ ಎರಡು ಸಲ ಕೆಮ್ಮಿಕೊಂಡು ಹೋದೆ. ಯಂತ್ರ ತುಳಿಯುವ ಸದ್ದು ಕೇಳಿತು, ನಾಲ್ಕು ವರ್ಷದ ಮೇಲೆ ಆ ಸದ್ದು ಒಂದೇ ಸಮ ಕೇಳಿಸಿದ್ದು. ಆದರೆ ನನಗಾಗಿ ಅದು ನಿಲ್ಲಲಿಲ್ಲ.

ನಿನ್ನೆ ಬೆಳಿಗ್ಗೆ ಅಂಗಡಿಯಲ್ಲಿ ಒಂದು ತಕ್ಕಡಿಯ ತಟ್ಟೆ ಉಜ್ಜುತ್ತಿದ್ದೆ. ಬಾಗಿಲಿಗೆ ನೆರಳು ಬಿತ್ತು. ಅಕ್ಕ. ಕೋಲಿಲ್ಲ, ಕಂಬಿಯಿಲ್ಲ, ಯಾರ ಕೈಯೂ ಇಲ್ಲ. ಅವಳ ಮನೆಯಿಂದ ನನ್ನ ಅಂಗಡಿಗೆ ಎರಡು ಬೀದಿ, ಒಂದು ಏರು. ಬೀಗದ ಅಂಗಡಿಯವನು ಕೆಲಸ ಬಿಟ್ಟು ಎದ್ದು ನಿಂತಿದ್ದ. ಅವಳು ಒಳಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಉಸಿರು ಸರಿಮಾಡಿಕೊಂಡು, ಕಂಕುಳಲ್ಲಿದ್ದ ಕೊಡೆ ತೆಗೆದು ಅದರ ಹಿಡಿಯಿಂದ ನನ್ನ ಕಡೆ ತೋರಿಸಿದಳು.

"ನನ್ನ ಕಾಲು ಆಯ್ತು. ನಿನ್ನ ಎದೆ ತೋರಿಸ್ಕೊಂಡು ಬರೋಣ, ಏಳು."

ಗಿರಾಕಿ ಬರುತ್ತಾನೆ, ಮಧ್ಯಾಹ್ನ ಹೋಗೋಣ ಎಂದೆ. ಅವಳು ಎದ್ದು ಅರ್ಧ ಬಾಗಿಲು ಎಳೆದಳು. ಉಳಿದರ್ಧ ನಾನೇ ಎಳೆದೆ.

ಹೃದಯದ ಡಾಕ್ಟರಿರುವುದು ಮಾರುಕಟ್ಟೆಯ ಆ ತುದಿಯಲ್ಲಿ. ಅಕ್ಕ ಮುಂದೆ, ನಾನು ಹಿಂದೆ. ಹೊಸ ಮಂಡಿ ಬಟ್ಟೆಯೊಳಗೆ ಮಡಿಯುವುದೂ ನೆಟ್ಟಗಾಗುವುದೂ ನನಗೆ ಕಾಣುತ್ತಿತ್ತು. ಪ್ರತಿ ಸಲ ನೆಟ್ಟಗಾದಾಗ ನಿನ್ನನ್ನೂ ನಿನ್ನ ಡಾಕ್ಟರನ್ನೂ ನೆನೆದೆ. ಅಂಗಡಿಯವರು ಒಬ್ಬೊಬ್ಬರಾಗಿ ತಲೆ ಎತ್ತಿ ಅವಳನ್ನು ಮಾತಾಡಿಸಿದರು. ಒಬ್ಬ ನನ್ನನ್ನು ಕರೆದು, ಏನಣ್ಣ, ಅಕ್ಕನನ್ನು ಎಲ್ಲಿಗೆ ಕರೆದುಕೊಂಡು ಹೊರಟೆ ಎಂದು ಕೇಳಿದ. ಅವಳೇ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಾಳೆ, ನನ್ನ ಎದೆ ಸರಿಯಿಲ್ಲ ಎಂದೆ. ಬೀದಿಯಲ್ಲಿ ನಿಂತು ಜೋರಾಗಿ ಹೇಳಿದೆ. ಅಕ್ಕ ತಿರುಗಿ ನೋಡಲಿಲ್ಲ, ಆದರೆ ಕೇಳಿಸಿಕೊಂಡಳು.

ಏರು ಬಂದಾಗ ನನ್ನ ಕೈಲಿ ಆಗಲಿಲ್ಲ. "ಅಕ್ಕ, ಸ್ವಲ್ಪ ನಿಧಾನ" ಎಂದೆ.

ಅವಳು ನಿಂತಳು. ನಾನು ಹತ್ತಿರ ಬರುವವರೆಗೆ ಕಾದು, ನನ್ನ ಮೊಣಕೈ ಹಿಡಿದುಕೊಂಡಳು. ಅಲ್ಲಿಂದ ಡಾಕ್ಟರ ಬಾಗಿಲವರೆಗೆ ನನ್ನ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕಿದಳು.

ಮಾವ